ಸುಮ್ನೆ ‘ನಾಲ್ಕಿಂಚಿನ ಚಕ್ರ ಕೊಡಿ’ ಅಂದರೆ ಹೇಗೆ?

ಹಾಸನದಲ್ಲಿ ಟ್ರಾಲಿ ಚಕ್ರ ಮಾರುವ ನಮಗೆ ದಿನಾ ಇದೇ ಗೋಳು. ಬಂದವರು ‘ನಾಲ್ಕಿಂಚಿನ ಚಕ್ರ ಕೊಡಿ, ಕಮ್ಮಿ ರೇಟಿಂದು’ ಅನ್ನುತ್ತಾರೆ. ಎಷ್ಟು ಭಾರ ಹೊರಬೇಕು, ನೆಲ ಸಿಮೆಂಟಾ ಟೈಲ್ಸಾ, ಚಕ್ರವನ್ನು ಟ್ರಾಲಿಗೆ ಬೋಲ್ಟ್ ಹಾಕಿ ಕೂರಿಸುವ ಪ್ಲೇಟಿನ ತೂತುಗಳ ಅಂತರ ಎಷ್ಟು ಅಂತ ಕೇಳಿದರೆ ಮುಖ ಗಂಟು ಹಾಕಿಕೊಳ್ಳುತ್ತಾರೆ. ಕೇಳುವುದು ಅವರ ಒಳ್ಳೆಯದಕ್ಕೇ ಅಲ್ವಾ?

ಕಾಫಿ ಕ್ಯೂರಿಂಗ್, ಅಂದರೆ ಒಣಗಿದ ಕಾಫಿಯ ಸಿಪ್ಪೆ ತೆಗೆದು ಬೀಜ ಹಸನು ಮಾಡುವ ಕೆಲಸವನ್ನೇ ತಗೊಳ್ಳಿ. 50 ಕೆಜಿಯ ಹತ್ತು ಮೂಟೆ, ಟ್ರಾಲಿಯದೇ 40 ಕೆಜಿ, ಒಟ್ಟು 540. ನಾಲ್ಕರಿಂದ ಭಾಗಿಸಿ 135 ಸಾಕು ಅನ್ನುತ್ತಾರೆ. ಆದರೆ ಗೋಡೌನ್ ನೆಲ ಎಲ್ಲ ಕಡೆ ಸಮ ಇರುವುದಿಲ್ಲ, ಒಂದು ಚಕ್ರ ಆಗಾಗ ಮೇಲೇಳುತ್ತದೆ, ಆಗ ಭಾರವೆಲ್ಲ ಉಳಿದ ಮೂರರ ಮೇಲೆ ಬೀಳುತ್ತದೆ, ಅದಕ್ಕೇ ಮೂರರಿಂದ ಭಾಗಿಸಬೇಕು, ಒಂದೊಂದೂ 180 ಕೆಜಿ ತಡೆಯುವಂಥದ್ದು ಬೇಕು. ಹೀಗೆ ಹೇಳಿದರೆ ನಾವು ದುಡ್ಡು ಕೀಳುತ್ತಿದ್ದೇವೆ ಅನ್ನುವ ಮಾತು!

ಆಮೇಲೆ ಗೋಣಿದಾರ ಆಕ್ಸಲ್‌ಗೆ ಸುತ್ತಿಕೊಂಡು ಚಕ್ರ ನಿಂತರೂ, ಗ್ರೀಸ್ ಕಾಣದೆ ಬೇರಿಂಗ್ ಹೋದರೂ ‘ಮಾಲು ಸರಿಯಿಲ್ಲ’ ಅಂತ ನಮ್ಮ ಮೇಲೇ ಕೂಗಾಟ. ನನಗೆ ಜಾಸ್ತಿ ಹೊಟ್ಟೆ ಉರಿಯುವುದು ಹಮಾಲಿಗಳ ವಿಷಯಕ್ಕೆ. ತಿರುಗದ ಚಕ್ರದ ಟ್ರಾಲಿ ತಳ್ಳಿ ಸೊಂಟ ಹಿಡಿಯುವುದು ಅವರಿಗೆ, ರೇಟಿಗೆ ಚೌಕಾಸಿ ಮಾಡಿದವರಿಗಲ್ಲ.

ದಯವಿಟ್ಟು ಹಳೇ ಚಕ್ರ ಒಂದನ್ನು ಬಿಚ್ಚಿ ತನ್ನಿ. ಆಗದಿದ್ದರೆ ಫೋಟೊ, ಅಳತೆ, ಮತ್ತೆ ಹೊರುವ ಭಾರ ಇಷ್ಟಾದರೂ ಹೇಳಿ.