ಉಪ್ಪು ನೀರು ಹೊಕ್ಕ ಟ್ರೈಪಾಡ್

ಮರವಂತೆ ಬೀಚಿನಲ್ಲಿ ಒಂದು ಸಂಜೆ ಫೋಟೋ ತೆಗೆದೆ. ಅದಾಗಿ ಎರಡು ದಿನದಿಂದ ಟ್ರೈಪಾಡ್, ಅಂದರೆ ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡ್, ತೊಳೆಯುವುದೇ ಕೆಲಸವಾಗಿದೆ. ಒಂದೇ ಒಂದು ಅಲೆ ಅಷ್ಟೇ, ಮೂರೂ ಕಾಲು ನೆನೆದವು. ಈಗ ಕಾಲನ್ನು ಉದ್ದ ಮಾಡಿ ಬಿಗಿಯುವ ಲಾಕ್ ತಿರುಗಿಸಿದರೆ ಕರಕರ ಸದ್ದು, ಹಲ್ಲು ಜುಮ್ಮೆನ್ನುತ್ತದೆ.

ಮೇಲೆ ಒರೆಸಿದರೆ ಏನೂ ಪ್ರಯೋಜನವಿಲ್ಲ. ನೀರು ಆರಿದರೂ ಉಪ್ಪು ಒಳಗೇ ಉಳಿದು ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಏಳುತ್ತದೆ. ಕಾರ್ಬನ್ ಫೈಬರ್ ಆದರೂ ಸ್ಕ್ರೂ, ಜಾಯಿಂಟು ಲೋಹದ್ದೇ ಅಲ್ವಾ? ಮೂರೂ ಕಾಲಿನ ಒಟ್ಟು ಒಂಬತ್ತು ಲಾಕ್ ಬಿಚ್ಚಬೇಕು. ಸಿಹಿನೀರಲ್ಲಿ ತೊಳೆದು, ಹಳೇ ಟೂತ್‌ಬ್ರಷ್‌ನಿಂದ ಲಾಕಿನ ಥ್ರೆಡ್ (ತಿರುಪಿನ ಗೆರೆ) ಉಜ್ಜಬೇಕು. ಪೂರ್ತಿ ಒಣಗಿದ ಮೇಲೆ ತೆಳ್ಳಗೆ ಗ್ರೀಸ್ ಸವರಬೇಕು. ಉಗುರಿನಷ್ಟು ತೆಳು ಪ್ಲಾಸ್ಟಿಕ್ ತುಂಡುಗಳು ಒಳಗಿರುತ್ತವೆ, ಯಾವುದು ಯಾವ ಕಾಲಿನದು ಅಂತ ಗುರುತಿಡದಿದ್ದರೆ ಮತ್ತೆ ಜೋಡಿಸುವುದು ದೊಡ್ಡ ಗೋಳು.

ನನಗೆ ಜಾಸ್ತಿ ಸಿಟ್ಟು ಬರುವುದು ತಯಾರಕರ ಮೇಲೆ. ಡಬ್ಬಿಯಲ್ಲಿ ವಾರಂಟಿ ಕಾಗದ ಇತ್ತು. ಲಾಕ್ ಬಿಚ್ಚುವುದು ಹೇಗೆ ಅಂತ ಒಂದು ಚಿತ್ರವೂ ಇರಲಿಲ್ಲ. ಅಂಗಡಿಯಲ್ಲಿ ಕೇಳಿದರೆ ಹೊಸದು ತಗೊಳ್ಳಿ ಅಂದರು. ಎಂಟು ವರ್ಷ ಜೊತೆಗಿದ್ದ ಸಾಮಾನನ್ನು ಹೇಗೆ ಸುಮ್ನೆ ಎಸೆಯಲಿ? ಎರಡನೇ ಕಾಲು ಇನ್ನೂ ಸರಿಯಾಗಿ ಜಾರುತ್ತಿಲ್ಲ.