ಮುಂದಿನ ನಿಲ್ದಾಣ, ಬನಶಂಕರಿ

ಇವತ್ತು ಜುಲೈ 11. ಬೆಳಿಗ್ಗೆ ಯಲಚೇನಹಳ್ಳಿಯಲ್ಲಿ ಮೆಟ್ರೋ ಹತ್ತಿದೆ. ಜೆ.ಪಿ. ನಗರ ದಾಟಿದ ಮೇಲೆ ಆ ದನಿ ಬಂತು. "ಮುಂದಿನ ನಿಲ್ದಾಣ, ಬನಶಂಕರಿ." ದಿನಾ ಕೇಳುವ ದನಿಯೇ. ಆದರೆ ಇವತ್ತು ಕಣ್ಣು ತುಂಬಿ ಬಂತು. ಆ ದನಿಯ ಒಡತಿ, ನಿರೂಪಕಿ ಅಪರ್ಣಾ ಅವರು ತೀರಿಕೊಂಡು ಇವತ್ತಿಗೆ ಒಂದು ವರ್ಷ. 2024ರಲ್ಲಿ ಇದೇ ದಿನ, ಇದೇ ಬನಶಂಕರಿಯ ತಮ್ಮ ಮನೆಯಲ್ಲಿ ಅವರು ಹೋದದ್ದು. ಮಾರನೇ ದಿನ ಅಂತ್ಯಕ್ರಿಯೆ ನಡೆದದ್ದೂ ಬನಶಂಕರಿಯಲ್ಲೇ. ತಮ್ಮ ಬಡಾವಣೆಯ ಹೆಸರನ್ನು ಅವರು ಒಂದು ದಿನ ಮೈಕಿನ ಮುಂದೆ ನಿಂತು ಹೇಳಿ ಬಂದಿದ್ದರು. ಅದು ಇವತ್ತಿಗೂ ಗಂಟೆಗೆ ಹತ್ತಾರು ಸಲ ಕೇಳಿಸುತ್ತಿದೆ. ನನ್ನ ಪಕ್ಕ ನಿಂತಿದ್ದ ಕಾಲೇಜು ಹುಡುಗಿಯ ಕಿವಿಯಲ್ಲಿ ಇಯರ್‌ಫೋನ್ ಇತ್ತು. ಅದನ್ನು ತೆಗಿ ಮಗಳೇ, ಒಂದು ನಿಮಿಷ ಇದನ್ನು ಕೇಳು ಅನ್ನಬೇಕು ಅನಿಸಿತು. ಅನ್ನಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನಗೆ ಕಳೆದ ವರ್ಷದ ಆ ಮೂರು ವಾರ ಮರೆಯೋಕೆ ಆಗುತ್ತಿಲ್ಲ. ಜೂನ್ 20ಕ್ಕೆ ಡೇವಿಡ್ ಜಾನ್ಸನ್ ಹೋದರು. ಜುಲೈ 11ಕ್ಕೆ ಅಪರ್ಣಾ ಹೋದರು. ಒಬ್ಬರು ಕ್ರಿಕೆಟ್ಟಿನವರು, ಒಬ್ಬರು ಟಿವಿಯವರು, ಒಂದಕ್ಕೊಂದು ಏನು ಸಂಬಂಧ ಅನ್ನಬಹುದು. ನನಗಿದೆ. ನನ್ನೂರು ಬಾಣಾವರ. ರೈಲಿನಲ್ಲಿ ಹೋಗುವವರಿಗೆ ಗೊತ್ತಿರುತ್ತದೆ, ಅರಸೀಕೆರೆ ಬಿಟ್ಟು ಕಡೂರಿಗೆ ಹೋಗುವಾಗ ನಡುವೆ ಸಿಗುವ ಸ್ಟೇಷನ್ನು. ಜಾನ್ಸನ್ ಹುಟ್ಟಿದ್ದು ಅರಸೀಕೆರೆಯಲ್ಲಿ, 1971ರ ಅಕ್ಟೋಬರ್ 16. ಅಪರ್ಣಾ ಹುಟ್ಟಿದ್ದು ಕಡೂರು ತಾಲ್ಲೂಕಿನ ಪಂಚನಹಳ್ಳಿಯಲ್ಲಿ, 1966ರ ಅಕ್ಟೋಬರ್ 14. ಬಯಲುಸೀಮೆಯ ತೆಂಗಿನ ತೋಟದ ನಮ್ಮ ಕಡೆಗೆ ದೊಡ್ಡ ಹೆಸರು ಮಾಡಿದವರು ಕಡಿಮೆ. ಇರುವವರನ್ನು ನಾವು ಎದೆಗೆ ಅವಚಿಕೊಂಡೇ ಬೆಳೆದವರು.

ಮೊದಲು ಜಾನ್ಸನ್ ಬಗ್ಗೆ ಹೇಳಿಬಿಡುತ್ತೇನೆ, ಯಾಕೆಂದರೆ ಅವರ ಬಗ್ಗೆ ಹೇಳುವವರು ಕಡಿಮೆ.

1996ರ ಅಕ್ಟೋಬರ್. ದಸರಾ ರಜೆ. ದೆಹಲಿಯಲ್ಲಿ ಆಸ್ಟ್ರೇಲಿಯಾ ವಿರುದ್ಧ ಒಂದೇ ಒಂದು ಟೆಸ್ಟು, ಬಾರ್ಡರ್-ಗಾವಸ್ಕರ್ ಟ್ರೋಫಿ ಶುರುವಾದದ್ದೇ ಆ ಪಂದ್ಯದಿಂದ. ಸಚಿನ್ ಕ್ಯಾಪ್ಟನ್ ಆಗಿ ಆಡಿದ ಮೊದಲ ಟೆಸ್ಟು ಕೂಡ. ಶ್ರೀನಾಥ್‌ಗೆ ಗಾಯ ಆಗಿತ್ತು, ಆ ಜಾಗಕ್ಕೆ ಜಾನ್ಸನ್ ಬಂದರು. ಪೇಪರಿನಲ್ಲಿ 'ಅರಸೀಕೆರೆ' ಅನ್ನುವ ಹೆಸರು ನೋಡಿ ನಮ್ಮಪ್ಪ ಆ ಪುಟವನ್ನು ಮಡಚಿ ಜೇಬಲ್ಲಿಟ್ಟುಕೊಂಡು ಡ್ಯೂಟಿಗೆ ಹೋಗಿದ್ದರು. ಅಪ್ಪ ರೈಲ್ವೆಯಲ್ಲಿ ಗ್ಯಾಂಗ್‌ಮನ್. ಜೊತೆಯವರಿಗೆಲ್ಲ ತೋರಿಸಿಕೊಂಡು ಬಂದರು. ಪಕ್ಕದ ಮನೆಯ ಟಿವಿ ಮುಂದೆ ನಾವು ಇಪ್ಪತ್ತು ಜನ. ಜಾನ್ಸನ್ ಓಡಿ ಬಂದು ಹಾಕಿದ ಚೆಂಡು ಮೈಕಲ್ ಸ್ಲೇಟರ್ ಬ್ಯಾಟಿಗೆ ತಾಗಿ ಸ್ಲಿಪ್ಪಿಗೆ ಹಾರಿದ್ದು, ಅಜರುದ್ದೀನ್ ಅದನ್ನು ಹಿಡಿದದ್ದು, ಆಮೇಲೆ ನಮ್ಮ ಬೀದಿ ಎದ್ದು ಕೂಗಿದ್ದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ಆ ಟೆಸ್ಟಿನ ಹನ್ನೊಂದು ಜನರಲ್ಲಿ ಐವರು ನಮ್ಮವರು: ದ್ರಾವಿಡ್, ಕುಂಬ್ಳೆ, ವೆಂಕಟೇಶ್ ಪ್ರಸಾದ್, ಸುನಿಲ್ ಜೋಶಿ, ಜಾನ್ಸನ್.

ಡಿಸೆಂಬರ್ 26ಕ್ಕೆ ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಜಾನ್ಸನ್‌ರ ಎರಡನೇ ಟೆಸ್ಟು. ನಾವು ಒಂದು ಸಲ 100, ಇನ್ನೊಂದು ಸಲ 66ಕ್ಕೆ ಮುಗಿದು ಹೋದ ಪಂದ್ಯ ಅದು. ಎಲ್ಲರೂ ನೆನಪಿಟ್ಟುಕೊಳ್ಳುವುದು ಆ 66ನ್ನೇ. ನಾನು ನೆನಪಿಟ್ಟುಕೊಂಡಿರುವುದು ಬೇರೆ. ಭಾರತದ ವೇಗದ ಬೌಲರುಗಳು ಮೂವರು, ಶ್ರೀನಾಥ್, ಪ್ರಸಾದ್, ಜಾನ್ಸನ್. ಸ್ಪಿನ್ನಿಗೆ ಕುಂಬ್ಳೆ. ಅಷ್ಟೂ ಜನ ಕರ್ನಾಟಕದವರು! ಪ್ರಸಾದ್ ಹತ್ತು ವಿಕೆಟ್ ತೆಗೆದರು. ಜಾನ್ಸನ್‌ಗೆ ಗಿಬ್ಸ್ ಮತ್ತು ಮೆಕ್‌ಮಿಲನ್ ಸಿಕ್ಕರು. ಒಂದು ರಾಜ್ಯದ ಹುಡುಗರು ಇಡೀ ದೇಶದ ಬೌಲಿಂಗನ್ನು ಹೊತ್ತು ನಿಂತ ದಿನ ಅದು. ಅದರಲ್ಲಿ ಜಾನ್ಸನ್ ಇದ್ದರು. ಅದು ಸಣ್ಣ ಮಾತಾ?

ಅಲ್ಲಿಗೆ ಅವರ ಟೆಸ್ಟು ಮುಗಿಯಿತು. ಎರಡು ಪಂದ್ಯ, ಮೂರು ವಿಕೆಟ್. ತೀರಿಕೊಂಡ ದಿನ ಎಲ್ಲ ಕಡೆ ಬಂದದ್ದೂ ಇಷ್ಟೇ, "ಎರಡೇ ಟೆಸ್ಟ್ ಆಡಿದ ಮಾಜಿ ಆಟಗಾರ". ಆ 'ಎರಡೇ' ಅನ್ನುವ ಪದ ನನಗೆ ಚುಚ್ಚಿತು. ಶ್ರೀನಾಥ್, ಪ್ರಸಾದ್ ಇಬ್ಬರೂ ಇರುವ ರಾಜ್ಯದಲ್ಲಿ, ದೊಡ್ಡ ಗಣೇಶ್ ಕೂಡ ಬಾಗಿಲು ತಟ್ಟುತ್ತಿದ್ದ ಕಾಲದಲ್ಲಿ, ಹೊಸ ಚೆಂಡು ಕೈಗೆ ಸಿಗಬೇಕಾದರೆ ಎಷ್ಟು ಜೋರಾಗಿ ಹಾಕಬೇಕಿತ್ತು ಯೋಚಿಸಿ. 1995-96ರ ರಣಜಿಯಲ್ಲಿ ಕೇರಳದ ವಿರುದ್ಧ ಒಂದೇ ಪಂದ್ಯದಲ್ಲಿ 152 ರನ್ನಿಗೆ 10 ವಿಕೆಟ್ ತೆಗೆದದ್ದರಿಂದಲೇ ಅವರ ಮೇಲೆ ಆಯ್ಕೆದಾರರ ಕಣ್ಣು ಬಿದ್ದದ್ದು. ಪ್ರಥಮ ದರ್ಜೆಯಲ್ಲಿ 39 ಪಂದ್ಯ, 125 ವಿಕೆಟ್. ಈ 125ರಲ್ಲಿ ಎಷ್ಟನ್ನು ನಾವು ನೋಡಿದ್ದೇವೆ? ಆಗ ರಣಜಿ ಪಂದ್ಯಗಳು ಟಿವಿಯಲ್ಲಿ ಬರುತ್ತಿದ್ದದ್ದೇ ಅಪರೂಪ. ನಾನು ಪಿಯುಸಿಗೆ ಬೆಂಗಳೂರಿಗೆ ಬಂದಾಗ ಅವರು ಇನ್ನೂ ಆಡುತ್ತಿದ್ದರು. ಒಂದು ದಿನ ಕಾಲೇಜು ಬಿಟ್ಟು ಚಿನ್ನಸ್ವಾಮಿ ಸ್ಟೇಡಿಯಂಗೆ ಹೋಗಿ ಕೂತಿದ್ದರೆ ಸಾಕಿತ್ತು. ಹೋಗಲಿಲ್ಲ. ಇದು ನನಗೆ ಸಾಯುವತನಕ ಉಳಿಯುವ ಬೇಸರ.

ಅವರು ಹೋದ ದಿನ ನಮ್ಮ ಮನೆತನದ ವಾಟ್ಸಾಪ್ ಗ್ರೂಪಿನಲ್ಲಿ ಬರೀ ಒಂದೇ ಮಾತು, ಹೇಗಾಯ್ತು, ಯಾಕಾಯ್ತು, ಎಷ್ಟನೇ ಮಹಡಿ. ಯಾರೋ ಒಬ್ಬರು ಆ ಕಟ್ಟಡದ ಫೋಟೋ ಹಾಕಿದರು. ನನಗೆ ತಡೆಯಲಾಗಲಿಲ್ಲ. ಸ್ಲೇಟರ್ ವಿಕೆಟ್ ಬಗ್ಗೆ, ಅಪ್ಪ ಪೇಪರು ಮಡಚಿಟ್ಟುಕೊಂಡ ಬಗ್ಗೆ ನಾಲ್ಕು ಸಾಲು ಬರೆದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಚಿಕ್ಕಪ್ಪನ ಮಗ ಡರ್ಬನ್ ನೆನಪು ಮಾಡಿದ. ಸೋದರತ್ತೆ, ಎಪ್ಪತ್ತು ದಾಟಿದವರು, "ಆ ಹುಡುಗ ವಿಕೆಟ್ ತೆಗೆದ ದಿನ ನಿಮ್ಮಪ್ಪ ಮನೆಗೆ ಮೈಸೂರುಪಾಕು ತಂದಿದ್ದ" ಅಂತ ವಾಯ್ಸ್ ಮೆಸೇಜ್ ಕಳಿಸಿದರು. ಆ ಮೈಸೂರುಪಾಕು ನನಗೆ ಮರೆತೇ ಹೋಗಿತ್ತು. ಫೋಟೋ ಹಾಕಿದವರು ಅದನ್ನು ತಾವೇ ಡಿಲೀಟ್ ಮಾಡಿದರು. ಅವತ್ತು ರಾತ್ರಿ ಬಾರ್ಬಡೋಸ್‌ನಲ್ಲಿ ಆಫ್ಘಾನಿಸ್ತಾನದ ವಿರುದ್ಧ ವಿಶ್ವಕಪ್ ಪಂದ್ಯಕ್ಕೆ ನಮ್ಮ ತಂಡ ಕೈಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಇಳಿಯಿತು. ಕುಂಬ್ಳೆ ಅವರು ಗೆಳೆಯನನ್ನು 'ಬೆನ್ನಿ' ಅಂತ ಕರೆದು ಸಂತಾಪ ಬರೆದರು. 'ಮಾಜಿ ಆಟಗಾರ' ಅನ್ನುವ ಪದದೊಳಗೆ ಒಬ್ಬ ಬೆನ್ನಿ ಇದ್ದ ಅಂತ ನನಗೆ ಗೊತ್ತಾದದ್ದು ಅವತ್ತು.

ಮೂರು ವಾರಕ್ಕೆ ಅಪರ್ಣಾ.

ಇವರ ಬಗ್ಗೆ ಬರೆಯಬೇಕಾದರೆ ಅಮ್ಮನಿಂದ ಶುರು ಮಾಡಬೇಕು. ದೂರದರ್ಶನದಲ್ಲಿ ಅಪರ್ಣಾ ಬಂದು ಕೈಮುಗಿದು "ನಮಸ್ಕಾರ" ಅಂದರೆ ನಮ್ಮಮ್ಮ ರೊಟ್ಟಿ ತಟ್ಟುತ್ತಿದ್ದ ಕೈಯಲ್ಲೇ "ನಮಸ್ಕಾರ ಕಣಮ್ಮ" ಅನ್ನುತ್ತಿದ್ದರು. ಅಮ್ಮ ಓದಿದ್ದು ನಾಲ್ಕನೇ ಕ್ಲಾಸು. ಆದರೆ ಒಳ್ಳೆಯ ಕನ್ನಡ ಕಿವಿಗೆ ಬಿದ್ದರೆ ಅವರಿಗೆ ಗೊತ್ತಾಗುತ್ತಿತ್ತು. "ಎಷ್ಟ್ ಚೆನ್ನಾಗ್ ಮಾತಾಡ್ತಾಳೆ ನೋಡೋ, ಒಂದ್ ಅಕ್ಷರ ಉದುರಲ್ಲ" ಅನ್ನುತ್ತಿದ್ದರು. 'ಹ'ಕಾರ ಹಕಾರವಾಗಿ, 'ಳ' ಳಕಾರವಾಗಿ, ಮಹಾಪ್ರಾಣ ಇದ್ದಲ್ಲಿ ಮಹಾಪ್ರಾಣವಾಗಿ, ಆದರೂ ಪಂಡಿತರ ಭಾಷಣದ ಹಾಗೆ ಎಲ್ಲೂ ಬಿಗಿಯಾಗದೆ, ಮನೆಯ ಜಗುಲಿಯಲ್ಲಿ ಕೂತು ಮಾತಾಡಿದ ಹಾಗೆ. 1998ರ ದೀಪಾವಳಿಯ ಕಾರ್ಯಕ್ರಮವನ್ನು ಅವರು ಎಂಟು ಗಂಟೆ ಕಾಲ ನಿರೂಪಣೆ ಮಾಡಿದ್ದರು. ಎಂಟು ಗಂಟೆ! ಈಗ ಎಂಟು ನಿಮಿಷ ನಡುವೆ ಇಂಗ್ಲಿಷು ತುರುಕದೆ ಮಾತಾಡುವ ನಿರೂಪಕರನ್ನು ಹುಡುಕಬೇಕು. ಇದನ್ನು ಸಿಟ್ಟಿನಿಂದ ಹೇಳುತ್ತಿಲ್ಲ, ಸಂಕಟದಿಂದ ಹೇಳುತ್ತಿದ್ದೇನೆ.

ಅವರು ಬಂದದ್ದು ಸಿನಿಮಾದಿಂದ. ಪುಟ್ಟಣ್ಣ ಕಣಗಾಲ್ ಅವರ ಕೊನೆಯ ಚಿತ್ರ 'ಮಸಣದ ಹೂವು', ಅದರಲ್ಲಿ ಹದಿಹರೆಯದ ಅಪರ್ಣಾ. ಆಮೇಲೆ ಆಕಾಶವಾಣಿ, ದೂರದರ್ಶನ, 'ಮೂಡಲ ಮನೆ', 'ಮುಕ್ತ' ಧಾರಾವಾಹಿಗಳು, ಬಿಗ್ ಬಾಸ್‌ನ ಮೊದಲ ಸೀಸನ್ನು. 2015ರ 'ಮಜಾ ಟಾಕೀಸ್' ಬಂದಾಗ ನಮ್ಮ ಮನೆಯ ಮಕ್ಕಳಿಗೆ ಅವರು ಸಿಕ್ಕಿದ್ದು 'ಒನ್ ಅಂಡ್ ಓನ್ಲಿ ವರಲಕ್ಷ್ಮಿ'ಯಾಗಿ. ಅಷ್ಟು ವರ್ಷ ಗಂಭೀರವಾಗಿ ನಿಂತು ನಿರೂಪಣೆ ಮಾಡಿದವರು ಆ ಪಾತ್ರದಲ್ಲಿ ಬೆಡಗು ಬಿನ್ನಾಣ ಮಾಡಿದ್ದನ್ನು ನೋಡಿ ಅಮ್ಮನಿಗೆ ಮೊದಲ ವಾರ ಕೋಪ ಬಂದಿತ್ತು. ಎರಡನೇ ವಾರದಿಂದ ನಮ್ಮೆಲ್ಲರಿಗಿಂತ ಜೋರಾಗಿ ನಕ್ಕವರೂ ಅಮ್ಮನೇ.

ಶ್ವಾಸಕೋಶದ ಕ್ಯಾನ್ಸರ್. ಜೀವನಪೂರ್ತಿ ಉಸಿರು ಹಿಡಿದು, ಉಸಿರು ಬಿಟ್ಟು, ಅದನ್ನೇ ಮಾತು ಮಾಡಿಕೊಂಡು ದುಡಿದವರಿಗೆ ಅದೇ ಜಾಗಕ್ಕೆ ಕಾಯಿಲೆ ಬಂತು. ಎರಡು ವರ್ಷ ಅದರ ಜೊತೆ ಬದುಕಿದರು. ಹೊರಗಿನ ನಮಗೆ ಗೊತ್ತಾದದ್ದು ಹೋದ ಮೇಲೆ, ಅವರ ಪತಿ ನಾಗರಾಜ ವಸ್ತಾರೆ ಅವರು ಹೇಳಿದಾಗ. "ಮೊದಲೇ ಯಾಕೆ ಹೇಳಲಿಲ್ಲ, ಅಭಿಮಾನಿಗಳಿಗೆ ತಿಳಿಯುವ ಹಕ್ಕಿಲ್ಲವಾ" ಅಂತ ಕೆಲವರು ಬರೆದದ್ದು ಓದಿದೆ. ನನ್ನ ಪ್ರಕಾರ ಇಲ್ಲ. ಅವರು ದನಿ ಕೊಟ್ಟರು, ನಗು ಕೊಟ್ಟರು, ನಲವತ್ತು ವರ್ಷ ಕೊಟ್ಟರು. ನೋವನ್ನು ತಮ್ಮ ಮನೆಯೊಳಗೆ ಇಟ್ಟುಕೊಂಡರು. ಅಭಿಮಾನ ಅನ್ನುವುದು ಹೊಸ್ತಿಲ ತನಕ ಬರಬಹುದು, ಒಳಗೆ ನುಗ್ಗಬಾರದು. ಅವರಿಗಾಗ 57. ಜಾನ್ಸನ್‌ಗೆ 52.

ಈಗ ನಾನು ಇದನ್ನೆಲ್ಲ ಬರೆಯುತ್ತಿರುವ ಕಾರಣಕ್ಕೆ ಬರುತ್ತೇನೆ.

ದೊಡ್ಡ ಸಿನಿಮಾ ನಟರು ಹೋದರೆ ನಾಡು ಅವರನ್ನು ಬಿಡುವುದಿಲ್ಲ. ಪುನೀತ್ ಅವರ ಸಮಾಧಿಗೆ ಕಂಠೀರವ ಸ್ಟುಡಿಯೋಗೆ ಇವತ್ತಿಗೂ ಜನ ಬರುತ್ತಾರೆ. ಶಂಕರ್‌ನಾಗ್ ಹೋಗಿ 35 ವರ್ಷ ಆಗುತ್ತಾ ಬಂತು, ಆಟೋಗಳ ಮೇಲೆ ಇನ್ನೂ ಇದ್ದಾರೆ. ಅವರ ಚಿತ್ರಗಳಿವೆ, ಹಾಡುಗಳಿವೆ, ಅಭಿಮಾನಿ ಸಂಘಗಳಿವೆ, ಅನ್ನದಾನ ರಕ್ತದಾನ ನಡೆಯುತ್ತದೆ. ನಡೆಯಲಿ, ಅದು ನಮ್ಮ ಪ್ರೀತಿ. ಈಗಿನ ಟಿವಿ ಕಲಾವಿದರಿಗೂ ಸ್ವಲ್ಪ ಮಟ್ಟಿಗೆ ಆ ಭಾಗ್ಯ ಇದೆ. ಎರಡು ತಿಂಗಳ ಹಿಂದೆ, ಮೇ 12ಕ್ಕೆ, ಕಾಮಿಡಿ ಕಿಲಾಡಿಗಳು ಗೆದ್ದಿದ್ದ ಉಡುಪಿಯ ರಾಕೇಶ್ ಪೂಜಾರಿ ಹೃದಯಾಘಾತದಿಂದ ತೀರಿಕೊಂಡಾಗ, ಇನ್ನೂ ಮೂವತ್ತು ಚಿಲ್ಲರೆ ವಯಸ್ಸಿನ ಹುಡುಗ, ಅವತ್ತು ನೋಡಿದಲ್ಲೆಲ್ಲ ಅವನ ಸ್ಕಿಟ್ಟುಗಳು. ಅಳುತ್ತಾ ನಗುತ್ತಿದ್ದೆವು. ಮೊಬೈಲಿನಲ್ಲಿ ಅವನು ಸಿಗುತ್ತಾನೆ.

ಜಾನ್ಸನ್‌ರ 125 ವಿಕೆಟ್‌ಗಳಲ್ಲಿ ನಮ್ಮ ಮೊಬೈಲಿಗೆ ಸಿಗುವುದು ಎಷ್ಟು? ಆಕಾಶವಾಣಿಯಲ್ಲಿ ಅಪರ್ಣಾ ನೇರವಾಗಿ ಮಾತಾಡಿ ಮುಗಿಸಿದ ಸಾವಿರಾರು ಮಾತುಗಳು, ಸಭೆಗಳಲ್ಲಿ ಕಾಗದ ನೋಡದೆ ಮಾಡಿದ ನಿರೂಪಣೆಗಳು ಗಾಳಿಯಲ್ಲಿ ಬಂದು ಗಾಳಿಯಲ್ಲೇ ಹೋದವು. ಕೇಳಿದವರ ಕಿವಿಯಲ್ಲಿ, ನೋಡಿದವರ ಕಣ್ಣಲ್ಲಿ ಮಾತ್ರ ಉಳಿದಿವೆ. ಹಾಗಾದರೆ ಇಂಥವರ ಮಟ್ಟಿಗೆ ದಾಖಲೆ ಅಂದರೆ ನಾವೇ. ನಾವು "ಓಂ ಶಾಂತಿ" ಅಂತ ಎರಡು ಪದ ಹಾಕಿ, ಒಂದು ದೀಪದ ಚಿತ್ರ ಅಂಟಿಸಿ ಮುಂದೆ ಹೋದರೆ, ಇದ್ದ ಒಂದು ದಾಖಲೆಯೂ ಅಲ್ಲಿಗೆ ಅಳಿಸಿ ಹೋಗುತ್ತದೆ. ದೀಪ ಹಾಕಬೇಡಿ ಅನ್ನುತ್ತಿಲ್ಲ. ದೀಪದ ಕೆಳಗೆ ಒಂದು ಸಾಲು ಬರೆಯಿರಿ ಅನ್ನುತ್ತಿದ್ದೇನೆ. ನೀವು ಏನು ನೋಡಿದಿರಿ, ಎಲ್ಲಿ ಕೂತು ನೋಡಿದಿರಿ, ಪಕ್ಕದಲ್ಲಿ ಯಾರಿದ್ದರು.

ತೊಂಬತ್ತರ ದಶಕದಲ್ಲಿ ರಣಜಿ ನೋಡಲು ಚಿನ್ನಸ್ವಾಮಿಗೆ ಹೋಗಿ ಕೂರುತ್ತಿದ್ದ ಹಿರಿಯರು ನನ್ನ ಫ್ರೆಂಡ್ ಲಿಸ್ಟಿನಲ್ಲಿ ಐದಾರು ಜನರಾದರೂ ಇದ್ದೀರಿ. ಅಣ್ಣಂದಿರೇ, ಜಾನ್ಸನ್ ಬೌಲಿಂಗ್ ನೋಡಿದ್ದರೆ ದಯವಿಟ್ಟು ಕೆಳಗೆ ಬರೆಯಿರಿ. ಓಟ ಹೇಗಿತ್ತು, ಚೆಂಡು ಕೀಪರ್ ಕೈಗೆ ಬಿದ್ದಾಗ ಸದ್ದು ಹೇಗಿತ್ತು, ಏನು ನೆನಪಿದ್ದರೂ ಸರಿ. ಅಪರ್ಣಾ ಅವರ ನಿರೂಪಣೆ ಇದ್ದ ಯಾವುದಾದರೂ ಸಮಾರಂಭಕ್ಕೆ ಹೋಗಿದ್ದವರು, ಅವರ ರೇಡಿಯೋ ಕಾರ್ಯಕ್ರಮ ಕೇಳಿಕೊಂಡು ಅಡುಗೆ ಮಾಡುತ್ತಿದ್ದ ಅಕ್ಕಂದಿರು, ನೀವೂ ಬರೆಯಿರಿ. ಎಲ್ಲವನ್ನೂ ಕೂತು ಒಂದು ಕಡೆ ಬರೆದಿಡುವ ಕೆಲಸ ನನ್ನದು.

ನಾನು ನನ್ನದನ್ನು ಬರೆದು ನಿಲ್ಲಿಸುತ್ತೇನೆ.

ಕಳೆದ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಅಮ್ಮ ಬಂದರು. ಅಪರ್ಣಾ ಹೋಗಿ ಒಂದು ತಿಂಗಳಾಗಿತ್ತು. ರೈಲಿಳಿದು ಮೆಜೆಸ್ಟಿಕ್‌ನಲ್ಲಿ ಮೆಟ್ರೋ ಹತ್ತಿಸಿದೆ, ಒಬ್ಬ ಹುಡುಗ ಎದ್ದು ಅಮ್ಮನಿಗೆ ಸೀಟು ಕೊಟ್ಟ. ಗಾಡಿ ಹೊರಟಿತು. "ಮುಂದಿನ ನಿಲ್ದಾಣ" ಅಂತ ದನಿ ಬಂದದ್ದೇ ಅಮ್ಮ ತಲೆ ಎತ್ತಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. "ಹೂಂ, ಅವರೇ" ಅಂದೆ. ಅಮ್ಮ ಮಡಿಲಲ್ಲಿದ್ದ ಹೂವಿನ ಚೀಲದ ಮೇಲೆ ಎರಡೂ ಕೈ ಜೋಡಿಸಿ, ಮೊದಲಿನ ಹಾಗೇ, ಸಣ್ಣ ದನಿಯಲ್ಲಿ, "ನಮಸ್ಕಾರ ಕಣಮ್ಮ" ಅಂದರು. ಬನಶಂಕರಿ ಬಂತು, ಜೆ.ಪಿ. ನಗರ ಬಂತು. ಯಲಚೇನಹಳ್ಳಿಯಲ್ಲಿ ಬಾಗಿಲು ತೆರೆಯಿತು. ನಾನು ಚೀಲ ಎತ್ತಿಕೊಂಡೆ. ಅಮ್ಮ ಏಳಲಿಲ್ಲ.

"ಇನ್ನೊಂದ್ ಸ್ಟೇಷನ್ ಹೆಸ್ರು ಹೇಳ್ಳಿ ಕಣೋ, ಕೇಳ್ಕೊಂಡ್ ಇಳಿಯೋಣ" ಅಂದರು.

ಕೋಣನಕುಂಟೆ ಕ್ರಾಸ್ ತನಕ ಹೋದೆವು.