ಶೇಕಡ 130ರಷ್ಟು ಸಂರಕ್ಷಣೆ

ಆಸ್ಟ್ರೇಲಿಯಾದ ಹೋಬಾರ್ಟ್‌ನಲ್ಲಿ ನಡೆದ ಸಭೆ ಮುಗಿಯಿತೆಂದೂ, ಅಂಟಾರ್ಕ್ಟಿಕದ ಕ್ರಿಲ್ ಮೀನುಗಾರಿಕೆಯ ವಿಷಯದಲ್ಲಿ ಈ ಸಲವೂ ಒಮ್ಮತ ಮೂಡಲಿಲ್ಲವೆಂದೂ ತಿಳಿಸುವ ಅಂಗೈಯಗಲದ ಸುದ್ದಿಯನ್ನು ನಾನು ಓದಿದ್ದು ಭಾವನ ಮನೆಯ ಊಟದ ಮೇಜಿನ ಮುಂದೆ. ಅದೇ ಮೇಜಿನ ಮೇಲೆ, ಉಪ್ಪಿನಕಾಯಿಯ ಭರಣಿಗೂ ಮಜ್ಜಿಗೆಯ ಪಾತ್ರೆಗೂ ನಡುವೆ, ಅಮೆರಿಕದಲ್ಲಿರುವ ಮಗಳು ತಂದುಕೊಟ್ಟ ಕ್ರಿಲ್ ಎಣ್ಣೆಯ ಡಬ್ಬಿ ಕುಳಿತಿತ್ತು. ಡಬ್ಬಿಯ ಮೇಲೆ ನೀಲಿ ಹಿಮಗಡ್ಡೆಯ ಚಿತ್ರ, ಒಳಗೆ ದಾಳಿಂಬೆ ಕಾಳಿನ ಬಣ್ಣದ ಗುಳಿಗೆಗಳು. ಭಾವ ಹುಟ್ಟಾ ಸಸ್ಯಾಹಾರಿ. ಪಕ್ಕದ ಮನೆಯಲ್ಲಿ ಬಂಗುಡೆ ಹುರಿದರೆ ಎದ್ದು ಹೋಗಿ ಕಿಟಕಿ ಮುಚ್ಚುವವರು. “ಭಾವ, ಇದು ಸಿಗಡಿಯ ದಾಯಾದಿ” ಎಂದೆ. “ಎಣ್ಣೆ ತಾನೆ ಮಾರಾಯಾ, ಮಂಡಿನೋವಿಗೆ ಒಳ್ಳೆಯದಂತೆ” ಎಂದು ಒಂದನ್ನು ಬಾಯಿಗೆ ಹಾಕಿಕೊಂಡು ನೀರು ಕುಡಿದರು. ಪದವನ್ನು ತಮಗೆ ಬೇಕಾದಂತೆ ಬಗ್ಗಿಸಿಕೊಳ್ಳುವ ಈ ಜಾಣ್ಮೆಯನ್ನು ಕಂಡಾಗ ನನಗೆ ಭಾವನನ್ನು ತಡಮಾಡದೆ ಹೋಬಾರ್ಟ್‌ಗೆ ಪ್ರತಿನಿಧಿಯಾಗಿ ಕಳುಹಿಸಬೇಕೆನ್ನಿಸಿತು.

ಏಕೆಂದರೆ ಅಲ್ಲಿ ಕಚೇರಿಯಿಟ್ಟುಕೊಂಡಿರುವ ಆಯೋಗದ ಹೆಸರಿನಲ್ಲೇ ‘ಸಂರಕ್ಷಣೆ’ ಇದೆ. ಅಂಟಾರ್ಕ್ಟಿಕದ ಸಮುದ್ರಜೀವಿಗಳ ಸಂರಕ್ಷಣೆಗೆಂದು 1980ರಲ್ಲಿ ಸಹಿಯಾಗಿ 1982ರಲ್ಲಿ ಜಾರಿಗೆ ಬಂದ ಒಪ್ಪಂದದ ಕೂಸು ಅದು. ಆ ಒಪ್ಪಂದದ ಎರಡನೆಯ ವಿಧಿಯು, ಸಂರಕ್ಷಣೆ ಎಂಬ ಮಾತಿನಲ್ಲಿ ವಿವೇಕಯುತ ಬಳಕೆಯೂ ಸೇರಿದೆಯೆಂದು ಹೇಳುತ್ತದೆ. ಅದರ ಬೆನ್ನಿಗೇ ಆ ಬಳಕೆಗೆ ಕಟ್ಟುನಿಟ್ಟಾದ ಷರತ್ತುಗಳೂ ಇವೆಯೆನ್ನುವುದನ್ನು ಒಪ್ಪಬೇಕು. ಆದರೆ ಷರತ್ತನ್ನು ಯಾರು ಓದುತ್ತಾರೆ? ಪುರೋಹಿತರು ಉಪವಾಸದಲ್ಲಿ ಫಲಾಹಾರ ಸೇರಿದೆಯೆಂದು ಹೇಳಿದರೆ ಸಾಕು, ಸಾಬೂದಾನಿ ವಡೆ, ಗೆಣಸಿನ ಪೋಡಿ, ಹಾಲುಬಾಯಿಗಳೆಲ್ಲ ಫಲದ ಸಾಲಿಗೆ ಬಂದು ಕೂರುತ್ತವೆ. ಏಕಾದಶಿಯ ರಾತ್ರಿ ನಮ್ಮ ಮನೆಗಳಲ್ಲಿ ಆಗುವಷ್ಟು ಊಟ ದ್ವಾದಶಿಯ ಮಧ್ಯಾಹ್ನವೂ ಆಗುವುದಿಲ್ಲ. ಹೋಬಾರ್ಟ್‌ನ ಸಂರಕ್ಷಣೆ ಈ ಜಾತಿಯ ಉಪವಾಸ. ಅಲ್ಲಿ ಸಂರಕ್ಷಿತ ಪ್ರದೇಶದ ಮಾತೆತ್ತಿದೊಡನೆ ಯಾರಾದರೊಬ್ಬರು ವಿವೇಕಯುತ ಬಳಕೆಯ ಹಕ್ಕನ್ನು ನೆನಪಿಸುತ್ತಾರೆ.

ಕ್ರಿಲ್ ಎಂದರೆ ಕಿರುಬೆರಳಿನುದ್ದದ, ಹೆಚ್ಚೆಂದರೆ 6 ಸೆಂಟಿಮೀಟರ್ ಬೆಳೆಯುವ ಜೀವಿ. ಚಳಿಗಾಲದಲ್ಲಿ ಅದರ ಮರಿಗಳು ಸಮುದ್ರದ ಹಿಮದ ಅಡಿಗೆ ಅಂಟಿದ ಪಾಚಿಯನ್ನು ಕೆರೆದು ತಿಂದು ಬದುಕುತ್ತವೆ. ಪೆಂಗ್ವಿನ್, ಸೀಲ್, ನೀಲಿ ತಿಮಿಂಗಿಲಗಳೆಲ್ಲ ನಂಬಿಕೊಂಡಿರುವ ಅನ್ನ ಇದು. ಈ ಅನ್ನವನ್ನು ಬಲೆಯ ತುದಿಗೆ ಕೊಳವೆ ಜೋಡಿಸಿ, ಬಲೆ ನೀರಿನಲ್ಲಿರುವಾಗಲೇ ಹಗಲಿರುಳು ಹಡಗಿಗೆ ಹೀರಿಕೊಂಡು, ಅಲ್ಲಿಯೇ ಹಿಟ್ಟು ಮಾಡಿ, ಭೂಮಿಯ ಇನ್ನೊಂದು ತುದಿಯವರೆಗೆ ಸಾಗಿಸುತ್ತಾರೆ. ಅದು ಭಾವನ ಮಂಡಿಗೆ ತಲುಪುವುದು ಅಲ್ಪಸ್ವಲ್ಪ. ಬಹುಪಾಲು ಹೋಗುವುದು ಬಲೆಪಂಜರಗಳಲ್ಲಿ ಸಾಕಿದ ಸಾಲ್ಮನ್ ಮೀನುಗಳಂಥವುಗಳ ಮೇವಿಗೆ. ಸಾಕಿದ ಸಾಲ್ಮನ್‌ಗೆ ಮೇವಿನಲ್ಲಿ ಬಣ್ಣ ಸಿಗದಿದ್ದರೆ ಅದರ ಮಾಂಸ ಬಿಳಚಿಕೊಳ್ಳುತ್ತದೆ, ಬಿಳಚಿದ್ದನ್ನು ಗಿರಾಕಿಗಳು ಮುಟ್ಟುವುದಿಲ್ಲ. ಕ್ರಿಲ್‌ನ ಮೈಯಲ್ಲಿ ಆ ಗುಲಾಬಿ ಬಣ್ಣ ಧಾರಾಳವಾಗಿದೆ. ಯಾರದೋ ತಟ್ಟೆಯ ಅಂದಕ್ಕಾಗಿ ಪೆಂಗ್ವಿನ್‌ಗಳು ತಮ್ಮ ಪಾಲನ್ನು ಬಿಟ್ಟುಕೊಡುತ್ತಿವೆ. ಎಂಥ ಔದಾರ್ಯ!

ಆಯೋಗ ಸುಮ್ಮನೆ ಕೂತಿಲ್ಲ, ಲೆಕ್ಕ ಇಟ್ಟಿದೆ. ದಕ್ಷಿಣ ಅಟ್ಲಾಂಟಿಕ್ ಬದಿಯ ನೀರಿನಲ್ಲಿ ವರ್ಷಕ್ಕೆ 56.1 ಲಕ್ಷ ಟನ್ ಹಿಡಿಯಬಹುದೆಂದು ಒಂದು ಮಿತಿ. ಆ ಮಿತಿಯನ್ನು ಪ್ರದೇಶವಾರು ಸರಿಯಾಗಿ ಹಂಚುವವರೆಗೆ 6.2 ಲಕ್ಷ ಟನ್ ದಾಟಬಾರದೆಂದು ಮಿತಿಯೊಳಗೊಂದು ಮಿತಿ. ಈ 6.2 ಲಕ್ಷ ಯಾವ ಪೆಂಗ್ವಿನ್‌ನ ಹಸಿವನ್ನು ಅಳೆದು ಬಂದದ್ದಲ್ಲ. ಹಿಂದೆ ಒಂದೊಂದು ಪ್ರದೇಶದಲ್ಲಿ ಅತಿ ಹೆಚ್ಚು ಹಿಡಿದ ವರ್ಷಗಳ ಮೊತ್ತವನ್ನು ಕೂಡಿಸಿದಾಗ ಬಂದದ್ದು. 2009ರಲ್ಲಿ ಇದನ್ನು ನಾಲ್ಕು ಪ್ರದೇಶಗಳಿಗೆ ಹಂಚಿದರು: ಅಂಟಾರ್ಕ್ಟಿಕ ಪರ್ಯಾಯದ್ವೀಪಕ್ಕೆ ಶೇಕಡ 25, ದಕ್ಷಿಣ ಆರ್ಕ್ನಿಗೆ 45, ದಕ್ಷಿಣ ಜಾರ್ಜಿಯಾಕ್ಕೆ 45, ದಕ್ಷಿಣ ಸ್ಯಾಂಡ್‌ವಿಚ್‌ಗೆ 15. ಕೂಡಿಸಿ ನೋಡಿ, 130 ಬರುತ್ತದೆ. ಹಡಗುಗಳಿಗೆ ಅತ್ತಿತ್ತ ಓಡಾಡಲು ಕೊಂಚ ಸಡಿಲ ಇರಲೆಂದು ಹಾಗೆ ಮಾಡಿದ್ದಂತೆ, ಒಟ್ಟು ಮೊತ್ತ ಮಾತ್ರ ನೂರನ್ನು ದಾಟುವಂತಿಲ್ಲವಂತೆ. ಇರಲಿ. ನಾಲ್ಕನೆಯ ತರಗತಿಯಲ್ಲಿ ನಾನು ಇಂಥದ್ದೇ ಲೆಕ್ಕ ಮಾಡಿ ಬೆತ್ತದ ರುಚಿ ಕಂಡಿದ್ದೆನಾದರೂ, ಈ ಶೇಕಡ 130ರ ಹಂಚಿಕೆಯೇ ಇಡೀ ವ್ಯವಸ್ಥೆಯಲ್ಲಿ ಇದ್ದ ಒಂದೇ ಒಂದು ಮರ್ಯಾದಸ್ಥ ಬೇಲಿಯಾಗಿತ್ತು, ಏಕೆಂದರೆ ಎಲ್ಲ ಹಡಗುಗಳೂ ಪರ್ಯಾಯದ್ವೀಪದ ಒಂದೇ ಮೂಲೆಗೆ ಮುತ್ತಿಗೆ ಹಾಕದಂತೆ ಅದು ತಡೆಯುತ್ತಿತ್ತು. 2024ರಲ್ಲಿ ಅದರ ಅವಧಿ ಮುಗಿಯಿತು. ಮುಂದುವರಿಸಲು ಒಮ್ಮತ ಬರಲಿಲ್ಲ. ಬೇಲಿ ಬಿತ್ತು.

ಮುಂದಿನದು ನಿಮಗೆ ಗೊತ್ತಿರುವುದೇ. ನವೆಂಬರ್ 30ರವರೆಗೆ ನಡೆಯಬೇಕಾದ ಹಂಗಾಮು 2025ರ ಆಗಸ್ಟ್‌ನಲ್ಲೇ 6.2 ಲಕ್ಷ ಟನ್ ಮುಟ್ಟಿ, ಇತಿಹಾಸದಲ್ಲಿ ಮೊದಲ ಸಲ ಅವಧಿಗೆ ಮುನ್ನ ಬಾಗಿಲು ಹಾಕಬೇಕಾಯಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದವರ ಕಥೆ ನಮ್ಮಲ್ಲಿದೆ. ಇವರು ಸೂರೆಯ ಮೂಟೆಗಳನ್ನು ತೂಗಿ, ತೂಕ ಸರಿಯಾಗಿದೆಯೆಂದು ರಸೀದಿಯನ್ನೂ ಬರೆದುಕೊಟ್ಟು ಬಾಗಿಲು ಹಾಕಿದರು.

ಉದ್ಯಮದವರ ಬಳಿ ಇದಕ್ಕೆ ಉತ್ತರ ಸಿದ್ಧವಿದೆ. ಆ ಭಾಗದ ಸಮುದ್ರದಲ್ಲಿ ಸುಮಾರು 6 ಕೋಟಿ ಟನ್ ಕ್ರಿಲ್ ಇದೆ, ನಾವು ಹಿಡಿಯುವುದು ಶೇಕಡ ಒಂದರಷ್ಟು ಮಾತ್ರ ಎನ್ನುತ್ತಾರೆ. ಊರಿನಲ್ಲಿ ಲಕ್ಷ ಮನೆಗಳಿದ್ದು ಕಳ್ಳರು ವರ್ಷವಿಡೀ ನಮ್ಮ ಬೀದಿಯೊಂದಕ್ಕೇ ನುಗ್ಗುತ್ತಿದ್ದರೆ, ಠಾಣೆಯವರು ಊರಿನ ಸರಾಸರಿ ಹೇಳಿ ಸಮಾಧಾನಪಡಿಸಿದ ಹಾಗಾಯಿತು ಇದು. ಹಡಗು ಹೋಗುವುದು ಕ್ರಿಲ್ ದಟ್ಟವಾಗಿರುವಲ್ಲಿಗೆ. ತಿಮಿಂಗಿಲ ಹೋಗುವುದೂ ಅಲ್ಲಿಗೇ. 2022ರ ಜನವರಿಯಲ್ಲಿ ದಕ್ಷಿಣ ಆರ್ಕ್ನಿಯ ಕೊರೊನೇಶನ್ ದ್ವೀಪದ ಬಳಿ ವಿಜ್ಞಾನಿಗಳು ಸುಮಾರು ಸಾವಿರ ಫಿನ್ ತಿಮಿಂಗಿಲಗಳು ಒಂದೆಡೆ ಸೇರಿ ಮೇಯುವುದನ್ನು ಕಂಡರು. ಕಳೆದ ಶತಮಾನದಲ್ಲಿ ದಕ್ಷಿಣ ಗೋಳಾರ್ಧದಲ್ಲಿ ಸುಮಾರು 20 ಲಕ್ಷ ತಿಮಿಂಗಿಲಗಳನ್ನು ಕೊಂದು ಎಣ್ಣೆ ಕಾಯಿಸಿದ ಮೇಲೆ, ಅಳಿದುಳಿದವು ಚೇತರಿಸಿಕೊಂಡು ಹೀಗೆ ಗುಂಪುಗೂಡುವುದು ಕಣ್ಣು ತುಂಬಿಕೊಳ್ಳುವ ದೃಶ್ಯ. ಅವುಗಳ ಉಸಿರಿನ ಕಾರಂಜಿಗಳ ನಡುವೆ ನಾಲ್ಕು ಕ್ರಿಲ್ ಹಡಗುಗಳು ಬಲೆ ಎಳೆಯುತ್ತ ಹೋಗುತ್ತಿದ್ದವು.

ಇನ್ನು ಒಮ್ಮತದ ವಿಷಯ. ಆಯೋಗದ 27 ಸದಸ್ಯರಲ್ಲಿ ಒಬ್ಬರು ತಲೆಯಲ್ಲಾಡಿಸಿದರೆ ಸಾಕು, ಏನೂ ಆಗುವುದಿಲ್ಲ. ರಾಸ್ ಸಮುದ್ರದ 15.5 ಲಕ್ಷ ಚದರ ಕಿಲೋಮೀಟರ್‌ನ ಸಂರಕ್ಷಿತ ಪ್ರದೇಶಕ್ಕೆ 2016ರಲ್ಲಿ ಒಪ್ಪಿಗೆ ಸಿಕ್ಕಿತು, ಅದೂ 35 ವರ್ಷದ ಮಟ್ಟಿಗೆ, ಬಾಡಿಗೆ ಕರಾರಿನಂತೆ. ಪೂರ್ವ ಅಂಟಾರ್ಕ್ಟಿಕದ ಪ್ರಸ್ತಾಪ ಹತ್ತು ವರ್ಷಕ್ಕೂ ಹೆಚ್ಚು ಕಾಲದಿಂದ, ವೆಡೆಲ್ ಸಮುದ್ರದ್ದು 2016ರಿಂದ, ಪರ್ಯಾಯದ್ವೀಪದ್ದು 2018ರಿಂದ ಮೇಜಿನ ಮೇಲೆ ಕೂತಿವೆ. ಭಾರತವೂ 2021ರಲ್ಲಿ ಮೊದಲೆರಡಕ್ಕೆ ಸಹಪ್ರಸ್ತಾಪಕನಾಗಿ ನಿಂತಿತು. ನಮ್ಮ ಹೆಗಲು ಕೊಟ್ಟರೂ ಪಲ್ಲಕ್ಕಿ ಏಳಲಿಲ್ಲ. ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತೆನ್ನುವ ಗಾದೆಯ ಕೋಣಗಳು ಯಾರೆಂಬುದು ಗುಟ್ಟೇನಲ್ಲ: ಚೀನಾ ಮತ್ತು ರಷ್ಯಾ. ಇನ್ನೂ ಹೆಚ್ಚಿನ ವೈಜ್ಞಾನಿಕ ಅಧ್ಯಯನ ಬೇಕೆಂದು ಅವು ವರ್ಷವರ್ಷವೂ ಗಂಭೀರವಾಗಿ ಕೇಳುತ್ತವೆ. ವಿಜ್ಞಾನದ ಮೇಲೆ ಇಷ್ಟೊಂದು ಭಕ್ತಿ ಬೇರೆಲ್ಲೂ ಕಾಣಸಿಗದು. ವಿಚಿತ್ರವೆಂದರೆ, ಹಿಡಿಯದಿರಲು ಬೇಕಾಗುವ ಅಧ್ಯಯನ ಹಿಡಿಯಲು ಬೇಕಾಗುವುದಿಲ್ಲ. ಹಾಗೆಂದು ಎತ್ತುಗಳೆಲ್ಲ ಸಾಧುವೂ ಅಲ್ಲ. ಎಲ್ಲರಿಗಿಂತ ಹೆಚ್ಚು ಕ್ರಿಲ್ ಹಿಡಿಯುವ ನಾರ್ವೆ ಒಂದು ಕೈಯಲ್ಲಿ ಸಂರಕ್ಷಿತ ಪ್ರದೇಶದ ನಕ್ಷೆ ಹಿಡಿದುಕೊಂಡೇ ಇನ್ನೊಂದು ಕೈಯಲ್ಲಿ ಕೊಳವೆ ಹಿಡಿದಿದೆ.

ತಮಾಷೆ ಮಾಡಿ ಸಾಕಾಗಿದೆ. ಇದು ಗೊತ್ತಿಲ್ಲದೆ ಆಗುತ್ತಿರುವುದಲ್ಲ. 2022ರಲ್ಲಿ ಬೆಲ್ಲಿಂಗ್ಸ್‌ಹೌಸನ್ ಸಮುದ್ರದಲ್ಲಿ ಹಿಮ ಬೇಗ ಒಡೆದು, ಐದು ಚಕ್ರವರ್ತಿ ಪೆಂಗ್ವಿನ್ ನೆಲೆಗಳ ಪೈಕಿ ನಾಲ್ಕರಲ್ಲಿ ಮರಿಗಳೇ ಉಳಿಯಲಿಲ್ಲವೆಂದು ಉಪಗ್ರಹದ ಚಿತ್ರಗಳನ್ನು ನೋಡಿ ವರದಿ ಬರೆದರು. ಹಿಮ ಕರಗುವುದನ್ನು ಹೋಬಾರ್ಟ್‌ನ ಕೋಣೆಯಲ್ಲಿ ಕೂತವರು ನಿಲ್ಲಿಸಲಾರರು, ಒಪ್ಪಿದೆ. ಆದರೆ ಹಡಗುಗಳು ಹರಡಿಕೊಂಡು ಹಿಡಿಯಲಿ ಎಂಬ, ತಾವೇ ಬರೆದು ಹದಿನೈದು ವರ್ಷ ಪಾಲಿಸಿದ್ದ ಒಂದು ಸಾಲನ್ನು ಮತ್ತೊಮ್ಮೆ ಬರೆಯುವುದು ಅವರ ಕೈಯಲ್ಲೇ ಇತ್ತು. ಅದನ್ನೂ ಬರೆಯಲಿಲ್ಲ. ಚರ್ಚೆ ಮುಂದುವರಿಯಲಿದೆ ಎಂದು ಹೇಳಿ ವಿಮಾನ ಹತ್ತಿದರು. ನಾಚಿಕೆಯಾಗಬೇಕು.

ಡಿಸೆಂಬರ್ 1ಕ್ಕೆ ಹೊಸ ಹಂಗಾಮು, ಲೆಕ್ಕ ಮತ್ತೆ ಸೊನ್ನೆಯಿಂದ. ಪರ್ಯಾಯದ್ವೀಪದ ಕಲ್ಲುಗೂಡುಗಳಲ್ಲಿ ಅಡೇಲಿ ಪೆಂಗ್ವಿನ್‌ಗಳ ಮೊಟ್ಟೆ ಒಡೆದು ಮರಿಗಳು ಬಾಯಿ ತೆರೆಯುವುದೂ ಅದೇ ತಿಂಗಳಲ್ಲಿ.